ಹದಿನೇಳು ಬೆಳಗಿನ ತೂಕ

2025ರ ಮೇ 19ರ ಬೆಳಿಗ್ಗೆ ಅರಬ್ಬಿ ಸಮುದ್ರದಲ್ಲಿ ನಿಂತಿದ್ದ ಒಂದು ಕೊರೆಯುವ ಹಡಗಿನ ಮೇಲೆ ಉದಯ ಜಟ್ಟಪ್ಪ ನಾಯ್ಕ ಎಂಬ ಮೂವತ್ತೊಂದು ವರ್ಷದ ಅಳತೆ ತಂತ್ರಜ್ಞ ಸತ್ತ. ತಪ್ಪು ಅವನದೇ ಎಂದು ಆಗಸ್ಟ್ 22ರಂದು ಕಂಪನಿ ಅವನ ಹೆಂಡತಿಗೆ ಬರೆದು ಕಳಿಸಿತು. ಅವನ ತಪ್ಪಲ್ಲ ಎಂದು ತೋರಿಸಬಹುದಾಗಿದ್ದ ಒಂದೇ ಒಂದು ನೋಟ್‌ಬುಕ್ ಸೆಪ್ಟೆಂಬರ್ 9ರಂದು ಮನೆಯಿಂದ ಕಳವಾಯಿತು.

ಅದೇ ದಿನ, ಮಂಗಳವಾರ, ಮಧ್ಯಾಹ್ನ ಎರಡು ನಲವತ್ತಕ್ಕೆ ತನುಜಾ ಶಿರಸಿಯ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಹೆಲ್ಮೆಟ್ ಇತ್ತು, ಔಷಧಿ ಅಂಗಡಿಯ ನೀಲಿ ಕೋಟು ಮೈಮೇಲೆಯೇ ಇತ್ತು. ಹೆಡ್ ಕಾನ್‌ಸ್ಟೆಬಲ್ ರೋಹಿಣಿ ದೂರು ಬರೆದುಕೊಳ್ಳಲು ಕೂತರು.

"ಬರೀ ಪುಸ್ತಕಾನಾ ಅಕ್ಕ?" ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಕೆರಿಯಪ್ಪ ಕೇಳಿದ. "ಬಂಗಾರ, ಟಿವಿ, ಗ್ಯಾಸಿನ ಸಿಲಿಂಡರು, ಎಂತದೂ ಹೋಗ್ಲಿಲ್ವಾ?"

"ಎಂತದೂ ಹೋಗ್ಲಿಲ್ಲ. ಸರ ಕಪಾಟಿನಲ್ಲೇ ಅದೆ."

"ನಮ್ಮ ಕಡೆ ಕಳ್ಳರೂ ಓದೂಕೆ ಶುರು ಮಾಡಿದ್ರು ಅಂತಾಯ್ತು."

ತನುಜಾ ನಗಲಿಲ್ಲ. "ಕೆರಿಯಪ್ಪ, ನೀ ಚಹಾ ಹೇಳು ಹೋಗು," ಎಂದರು ರೋಹಿಣಿ, ತಲೆ ಎತ್ತದೆ.

ಇನ್‌ಸ್ಪೆಕ್ಟರ್ ಚಂದ್ರಶೇಖರಪ್ಪ ಬನವಾಸಿ ಕಡೆಯವರು. ಮಾತು ಕಡಿಮೆ. ದೂರನ್ನು ಎರಡು ಸಲ ಓದಿ ಅವಳನ್ನು ಒಳಗೆ ಕರೆದರು.

"ಪುಸ್ತಕದಾಗ ಏನಿತ್ರೀ ಅಮ್ಮಾ?"

"ಸಮುದ್ರ ಸರ್."

"ಅಂದ್ರ?"

"ಹದಿನೇಳು ದಿನದ ಸಮುದ್ರ. ಮೇ ಎರಡರಿಂದ ಹದಿನೆಂಟರ ತನಕ. ಅಲೆ ಎಷ್ಟು ಹೊತ್ತಿಗೆ ಒಂದು ಬಂತು, ಪೈಪು ಎಷ್ಟು ಬಗ್ಗಿತು, ಎಲ್ಲ ಕೈಯಲ್ಲಿ ಬರ್ದಿದ್ರು. ಚಿತ್ರವೂ ಬಿಡಿಸಿದ್ರು. ಅವ್ರ ಸಾಮಾನಿನ ಜೊತೆ ಟ್ರಂಕಿನಲ್ಲಿ ಬಂತು."

ಅವಳು ಚೀಲದಿಂದ ಕಂಪನಿಯ ವರದಿ ತೆಗೆದು ಮೇಜಿನ ಮೇಲಿಟ್ಟಳು. ಇಂಗ್ಲಿಷಿನಲ್ಲಿ ನಲವತ್ತೆರಡು ಪುಟ. ಬಿ.ಎಸ್ಸಿ. ಓದಿದ್ದ ರೋಹಿಣಿ ಅದರ ಸಾರ ಹೇಳಿದರು. ಹಡಗು ನೀರಿನ ಮೇಲೆ ತೇಲುತ್ತದೆ. ಕೊರೆಯುವ ಬಾವಿ ಕೆಳಗೆ ನೆಲದಲ್ಲಿರುತ್ತದೆ. ಎರಡನ್ನೂ ಜೋಡಿಸುವುದು ನಾಲ್ಕುನೂರ ಇಪ್ಪತ್ತು ಮೀಟರ್ ಉದ್ದದ ಒಂದು ಉಕ್ಕಿನ ಪೈಪು. ರೈಸರ್ ಎನ್ನುತ್ತಾರೆ. ಅದು ಕುಸಿಯದಂತೆ ಮೇಲಿನಿಂದ ಉಕ್ಕಿನ ಹಗ್ಗಗಳು ಎಳೆದು ಹಿಡಿದಿರುತ್ತವೆ. ಅಲೆಗೆ ಅದು ಎಷ್ಟು ಬಾಗುತ್ತದೆ ಎಂದು ಕಂಪ್ಯೂಟರು ಮೊದಲೇ ಲೆಕ್ಕ ಹಾಕಿ ಹೇಳುತ್ತದೆ. ಎಳೆತವನ್ನು ತೂಗುವ ಒಂದು ಯಂತ್ರದಿಂದ, ನಿಜವಾಗಿ ಎಷ್ಟು ಬಾಗಿತು ಎಂದು ಅಳೆಯುವುದು ಉದಯನ ಕೆಲಸ. ಮೇ 19ರಂದು ಪೈಪಿನ ಮೇಲಿನ ಗೆಣ್ಣು ಬಿರಿದು, ಹಗ್ಗವೊಂದು ಕಿತ್ತು ಬಂದು ಅವನಿಗೆ ಬಡಿದಿತ್ತು.

"ಇಲ್ಲಿ ನೋಡಿ ಸರ್," ರೋಹಿಣಿ ಒಂದು ಕೋಷ್ಟಕ ತೋರಿಸಿದರು. " ಊಹಿಸಿದ ಬಾಗು ಒಂದು ಸಾಲು, ಅಳೆದ ಬಾಗು ಪಕ್ಕದ ಸಾಲು. ಹೆಚ್ಚುಕಮ್ಮಿ ಒಂದೇ ಅದೆ. ಪೈಪು ಅಂಜಿಕೆ ಇಲ್ಲದಷ್ಟೇ ಬಾಗಿತ್ತು, ಆ ಜಾಗಕ್ಕೆ ಹೋಗೂಕೆ ಇವ್ರಿಗೆ ಕಾರಣವೇ ಇರ್ಲಿಲ್ಲ, ಸ್ವಂತ ಅಜಾಗರೂಕತೆ ಅಂತ ಬರ್ದಿದಾರೆ."

"ಪುಸ್ತಕದಲ್ಲಿ ಹಾಂಗಿರ್ಲಿಲ್ಲ ಸರ್," ಎಂದಳು ತನುಜಾ. "ಅದರಲ್ಲಿ ಅಂಕಿ ಎಲ್ಲ ದೊಡ್ಡದಿತ್ತು. ಕೊನೇ ಪುಟದಲ್ಲಿ 'ಪೈಪು ಎತ್ತಿ ಅಂತ ಮೂರು ಸಲ ಹೇಳಿದೆ' ಅಂತ ಬರ್ದಿದ್ರು. ನಂಗೆ ಬೇರೆ ಎಂತದೂ ಬೇಡ. ಅವ್ರು ಅಳೆದದ್ದು ಖರೆ ಅಂತ ಆಗ್ಬೇಕು."

ಅಪರಾಧ ಸಂಖ್ಯೆ 137/2025. ಭಾರತೀಯ ನ್ಯಾಯ ಸಂಹಿತೆಯ ಕಲಂ 331(3) ಮತ್ತು 305ರ ಅಡಿ ಎಫ್‌ಐಆರ್ ದಾಖಲಾದಾಗ ಗಂಟೆ ಮೂರೂವರೆ.

ಸಂಜೆ ನಾಲ್ಕೂಕಾಲಿಗೆ ಇಸಳೂರಿನ ಮನೆಯಲ್ಲಿ ಪಂಚನಾಮೆ ಶುರುವಾಯಿತು. ಹೊಸ ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ಮುರಿದಿರಲಿಲ್ಲ, ಚಿಲಕ ಬಾಗಿರಲಿಲ್ಲ. ಬೀಗದ ಕೈಯನ್ನು ತನುಜಾ ಹಿತ್ತಲ ನೀರಿನ ಟಾಕಿಯ ಹಿಂದೆ ಒಂದು ಮೊಳೆಗೆ ನೇತುಹಾಕಿ ಹೋಗುವುದು ಆಪ್ತರಿಗೆಲ್ಲ ಗೊತ್ತಿದ್ದ ರೂಢಿ. ಅದು ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಟ್ರಂಕಿನೊಳಗಿನ ವಸ್ತುಗಳನ್ನು ಪಂಚರ ಎದುರು ಒಂದೊಂದಾಗಿ ಎತ್ತಿ ಬರೆಸಲಾಯಿತು: ಎರಡು ಕಿತ್ತಳೆ ಬಣ್ಣದ ಕೆಲಸದ ಅಂಗಿ, ಬೂಟು, ಕೈಗವಸು, ಟಾರ್ಚು, ಕ್ಷೌರದ ಪೆಟ್ಟಿಗೆ, ಒಂದು ಉಣ್ಣೆಯ ಟೊಪ್ಪಿ. ಏಳನೆಯದನ್ನು ಎತ್ತಲು ಹೋದ ಕೆರಿಯಪ್ಪ "ಅಯ್ಯಯ್ಯೋ" ಎಂದು ಸೊಂಟ ಹಿಡಿದುಕೊಂಡ.

ಅದು ಕಿರಾಣಿ ಅಂಗಡಿಯಲ್ಲಿರುವಂಥ ಕಬ್ಬಿಣದ ತೂಕದ ಕಲ್ಲು. ಮೇಲೆ 10 ಕೆಜಿ ಎಂದು ಅಚ್ಚೊತ್ತಿತ್ತು, ಸರಕಾರದ ಮುದ್ರೆ ಇತ್ತು.

"ಸಮುದ್ರದಾಗ ಏನ್ ತೂಗತಿದ್ದ ಇವ?" ಎಂದರು ಇನ್‌ಸ್ಪೆಕ್ಟರ್.

"ಗೊತ್ತಿಲ್ಲ ಸರ್. ಹೋಗುವಾಗ ಅವ್ರ ಅಪ್ಪನ ಹತ್ರ ಇಸ್ಕೊಂಡು ಹೋಗಿದ್ರು."

"ಪುಸ್ತಕ ಐತಿ ಅಂತ ಯಾರಿಗೆ ಹೇಳಿದ್ರಿ?"

"ಇಬ್ರಿಗೆ. ನಾಕನೇ ತಾರೀಕಿಗೆ ಕಂಪನಿಗೆ ಮೇಲ್ ಹಾಕ್ದೆ. ಐದಕ್ಕೆ ನವೀನಣ್ಣಂಗೆ ಫೋನ್ ಮಾಡ್ದೆ. ಸಿದ್ದಾಪುರದವ್ರು. ಇವ್ರ ಜೊತೆ ಓದಿದ್ದು, ಅದೇ ಕಂಪನಿ ಆಫೀಸಿನಲ್ಲಿದಾರೆ. ಪುಸ್ತಕ ಓದಿ ಹೇಳ್ತೀರಾ ಅಂತ ಕೇಳ್ದೆ. ಬತ್ತೆ ಅಂದಿದ್ರು."

"ಬಂದ್ರೇನು?"

"ಇನ್ನೂ ಬರ್ಲಿಲ್ಲ."

ಎದುರು ಮನೆಯ ಪಾರ್ವತವ್ವ ಬೇಲಿಯ ಆಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹಾವೇರಿ ಕಡೆಯಿಂದ ಬಂದು ನೆಲೆಸಿದ ಹೆಂಗಸು. ಬೆಳಿಗ್ಗೆ ಯಾರನ್ನಾದರೂ ಕಂಡಿರಾ ಎಂದು ಕೇಳಿದ್ದಕ್ಕೆ, "ಕಳ್ಳರನ್ನ ಯಾರನ್ನೂ ನೋಡಿಲ್ರಿ," ಎಂದರು. "ಹನ್ನೊಂದರ ಸುಮಾರಿಗೆ ಒಬ್ಬಾಂವ ಬಂದಿದ್ದ, ಅವರ ಪೈಕಿನ."

"ಪೈಕಿ ಅಂತ ಹೆಂಗ್ ಗೊತ್ತಾತು?"

"ಹಿತ್ತಲಾಗ ಹೋಗಿ ಕೀಲಿ ತಂದ. ನಳದಾಗ ಕಾಲ ತೊಳಕೊಂಡ. ಚಪ್ಪಲಿ ಹೊರಗ ಬಿಟ್ಟು ಒಳಗ ಹೋದ. ಕಳ್ಳ ಕಾಲ ತೊಳಕೊಂಡು ಹೋಗ್ತಾನೇನ್ರಿ ಸಾಹೇಬ್ರ?"

ಆ ಮಾತನ್ನು ರೋಹಿಣಿ ಅವರು ಹೇಳಿದಂತೆಯೇ ಬರೆದುಕೊಂಡರು.

ಠಾಣೆಗೆ ಮರಳಿದ ಮೇಲೆ ರೋಹಿಣಿ ವರದಿಯ ಕೋಷ್ಟಕವನ್ನು ಸಾಲು ಸಾಲಾಗಿ ಓದಿದರು. ಪ್ರತಿದಿನ ಬೆಳಿಗ್ಗೆ ಆರಕ್ಕೆ, ಅಲೆಯ ಅಂಕಿಗಳು ಶುರುವಾಗುವ ಮೊದಲು, 'ಕಲ್ಲು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು. ಊಹೆಯ ಜಾಗ ಖಾಲಿ. ಅಳತೆಯ ಜಾಗದಲ್ಲಿ 5.0. ಮರುದಿನವೂ 5.0. ಹದಿನೇಳು ದಿನವೂ 5.0.

"ಟ್ರಂಕಿನ ಕಲ್ಲು ಹತ್ತು ಕೆಜಿದಲ್ಲೇನ್ರಿ?"

"ಹೌದು ಸರ್."

ಇನ್‌ಸ್ಪೆಕ್ಟರ್ ವರದಿ ಮಡಚಿಟ್ಟರು. "ನಾಳೆ ಅವನ ಅಪ್ಪನ್ನ ನೋಡೂಣು."

ಸೆಪ್ಟೆಂಬರ್ 10, ಬೆಳಿಗ್ಗೆ ಹತ್ತೂ ಇಪ್ಪತ್ತು. ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ನೆತ್ತಿಯಲ್ಲಿ ಇನ್‌ಸ್ಪೆಕ್ಟರ್, ರೋಹಿಣಿ, ಕೆರಿಯಪ್ಪ ಇದ್ದ ಜೀಪು ನಿಂತಿತು. ಜಟ್ಟಪ್ಪ ನಾಯ್ಕರಿಗೆ ಅರವತ್ತನಾಲ್ಕು ವರ್ಷ. ನಲವತ್ತು ವರ್ಷ ಕೊನೆಗೌಡರಾಗಿದ್ದವರು, ಅಂದರೆ ಕಂಡವರ ತೋಟದ ಅಡಿಕೆ ಮರ ಹತ್ತಿ ಗೊನೆ ಕೊಯ್ದವರು. ಒಂದು ಮರ ಹತ್ತಿದರೆ ಇಳಿಯದೆ, ಅದನ್ನೇ ತೂಗಿಸಿ ಪಕ್ಕದ ಮರದ ತಲೆ ಹಿಡಿದು ದಾಟಿ, ಹಾಗೇ ಇಪ್ಪತ್ತು ಮೂವತ್ತು ಮರ ಮುಗಿಸಿ ಕೆಳಗೆ ಬರುತ್ತಿದ್ದರು. ಈಗ ಮಂಡಿ ಹೋಗಿದೆ. ಮರ ಯಾರದೋ, ತೋಟ ಯಾರದೋ. ಮಂಡಿ ಮಾತ್ರ ಅವರದು.

"ಕಲ್ಲು ನೀವ ಕೊಟ್ಟದ್ದೇನು?"

"ಹೌದು ಸಾಹೇಬ್ರೆ. ನನ್ ಬಾವನ ಅಂಗಡಿದು. ಮಾಣಿ ಮೊದಲ ಸಲ ಹಡಗಿಗೆ ಹೋಗುವಾಗ ಹೇಳ್ದೆ. ಮರ ಹತ್ತೂಕೆ ಮೊದ್ಲು ನಾವು ಒಂದು ಸಲ ಅಲ್ಲಾಡ್ಸಿ ನೋಡೂದು. ನಿನ್ನೆ ಹತ್ತಿದ ಮರವೇ ಆದ್ರೂ ಇವತ್ತು ಮತ್ತೆ ನೋಡ್ಬೇಕು. ನಿನ್ನೆ ಗಟ್ಟಿ ಇದ್ದದ್ದು ಇವತ್ತು ಇರ್ಬೇಕು ಅಂತ ಎಲ್ಲಿ ಬರ್ದದೆ? ನಿನ್ನ ಯಂತ್ರವನ್ನೂ ಹಾಂಗೇ ನೋಡು ಮಾರಾಯ ಅಂದೆ. ಅವ ದಿನಾ ಆರು ಗಂಟೆಗೆ ಆ ಕಲ್ಲು ತೂಗ್ಹಾಕಿ, ಯಂತ್ರ ಹತ್ತು ಹೇಳ್ತದಾ ನೋಡಿ, ಮತ್ತೆ ಪೈಪು ಅಳೀತಿದ್ದ."

"ಒಂದು ದಿನಾನೂ ತಪ್ಪಿಸಿಲ್ಲ?"

"ತಪ್ಪಿಸಿದ್ರೆ ನಂಗೆ ಫೋನ್ ಮಾಡುವ ಮುಖ ಇರ್ತಿರ್ಲಿಲ್ಲ ಅವನಿಗೆ."

"ಕಡೀಕ ಏನ್ ಹೇಳಿದ್ದ?"

ಜಟ್ಟಪ್ಪ ಅಂಗಳದಂಚಿಗೆ ನಡೆದು ಒಂದು ಸಪೂರ ಅಡಿಕೆ ಮರದ ಹತ್ತಿರ ನಿಂತರು. ಐವತ್ತು ಅಡಿ ಎತ್ತರದ ಮರ. ಗಾಳಿ ಒಂದಿಷ್ಟೂ ಇರಲಿಲ್ಲ. ತುದಿಯ ಸೋಗೆ ಬರೆದಿಟ್ಟಂತೆ ನಿಂತಿತ್ತು.

"ನೀವು ದೂಡಿ ಸಾಹೇಬ್ರೆ."

ಇನ್‌ಸ್ಪೆಕ್ಟರ್ ಎರಡೂ ಕೈ ಕೊಟ್ಟು ದಬ್ಬಿದರು. ಕೆರಿಯಪ್ಪನೂ ಹೆಗಲು ಕೊಟ್ಟ. ಮೇಲೆ ಸೋಗೆ ಒಮ್ಮೆ ನಡುಗಿ ಸುಮ್ಮನಾಯಿತು.

"ಪೊಲೀಸರು ದೂಡೂದು ಹಾಂಗೇ," ಎಂದರು ಜಟ್ಟಪ್ಪ. ಕೆರಿಯಪ್ಪ ಕಿಸಕ್ಕನೆ ನಕ್ಕು, ಸಾಹೇಬರ ಮುಖ ನೋಡಿ ನಿಲ್ಲಿಸಿದ.

ಮುದುಕ ಬಲಗೈಯ ಎರಡು ಬೆರಳನ್ನು ಮರಕ್ಕೆ ಒತ್ತಿದರು. ಬಿಟ್ಟರು. ತಲೆ ಎತ್ತಿ ಕಾದರು. ಮತ್ತೆ ಒತ್ತಿದರು. ಮೇಲಿನ ತುದಿ ವಾಪಸು ಹೊರಡುವ ಕ್ಷಣ ಗೊತ್ತಿದ್ದವರ ಹಾಗೆ, ಆ ಕ್ಷಣಕ್ಕಷ್ಟೇ ಒಂದು ಒತ್ತು. ಏಳನೆಯ ಸಲಕ್ಕೆ ತುದಿ ಒಂದು ಮೊಳ ಆಡಿತು. ಹದಿನೈದನೆಯ ಸಲಕ್ಕೆ ಒಂದು ಮಾರು. ಆಮೇಲೆ ಇಡೀ ಮರ ಬುಡದಿಂದ ತಲೆಯವರೆಗೆ ಬಿಲ್ಲಿನ ಹಾಗೆ ಬಾಗಿ, ಎದ್ದು, ಆಚೆ ಬಾಗಿತು. ಸೋಗೆ ಪಕ್ಕದ ಮರದ ಸೋಗೆಗೆ ಬಡಿಯಿತು. ಮರದೊಳಗಿನಿಂದ ಒಂದು ಸಣ್ಣ ಕಿರಕಿರ ಸದ್ದು ಕೇಳಿಸಿತು. ನಾಲ್ವರೂ ಕತ್ತೆತ್ತಿ ನಿಂತಿದ್ದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಚಂದ್ರಶೇಖರಪ್ಪ ಹೆಣ ಕಂಡಿದ್ದರು, ಹೊಳೆಯ ಮಹಾಪೂರ ಕಂಡಿದ್ದರು. ಎರಡು ಬೆರಳಿಗೆ ಒಂದು ಮರ ಹೀಗೆ ಸೋಲುವುದನ್ನು ಕಂಡಿರಲಿಲ್ಲ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದದ್ದು ಅವರಿಗೇ ಗೊತ್ತಾಗಲಿಲ್ಲ.

"ಜೋರು ಬೇಡ. ಹೊತ್ತು ಸರಿ ಇದ್ರೆ ಸಾಕು," ಎಂದರು ಜಟ್ಟಪ್ಪ. "ಮೇ ಹದಿನೇಳನೇ ತಾರೀಕಿಗೆ ಫೋನ್ ಮಾಡಿದ್ದ. ಅಪ್ಪ, ಇಲ್ಲಿ ಗಾಳಿಯೇ ಇಲ್ಲ, ನೀರು ಎಣ್ಣೆ ಹಾಂಗೆ ಅದೆ. ಆದ್ರೂ ಹದಿನೆಂಟು ಎಣಿಸೂದ್ರೊಳಗೆ ಹಡಗು ಒಂದ್ಸಲ ನಿಧಾನಕ್ಕೆ ಎದ್ದು ಕೂರ್ತದೆ. ಭೂಮಿಯ ತೆಂಕಣ ತುದಿಯಲ್ಲಿ ಎಲ್ಲೋ ಗಾಳಿ ಎದ್ದದೆ, ಅದರ ಅಲೆ ವಾರಗಟ್ಲೆ ನಡ್ಕೊಂಡು ಇಲ್ಲಿಗೆ ಬಂದದೆ ಅಂದ. ಪೈಪಿನ ತೂಗೂ ಹೊತ್ತೂ ಹದಿನೆಂಟೇ ಅಪ್ಪ, ಅಂದ. ನಾ ಹೇಳ್ದೆ, ಹಾಂಗಾರೆ ಯಾರೋ ನಿನ್ ಮರ ತೂಗಿಸ್ತಾ ಇದಾರೆ, ಇಳ್ದು ಬಾ. ನಡು ಆಡ್ತದೆ, ಬಿರಿಯೂದು ಗೆಣ್ಣು. ಇಳ್ದು ಬಾ ಅಂದೆ."

"ಅವ ಏನಂದ?"

"ಪೈಪು ಎತ್ತಿಸ್ದೆ ಇಳಿಯೂಕಾಗೂದಿಲ್ಲ, ಎಂಬತ್ತು ಜನ ಇದಾರೆ ಅಂದ."

ಮರ ಇನ್ನೂ ಆಡುತ್ತಿತ್ತು. ಜಟ್ಟಪ್ಪ ಅಂಗೈ ಇಟ್ಟು ಅದನ್ನು ನಿಲ್ಲಿಸಿದರು.

ಮಧ್ಯಾಹ್ನ ಮೂರಕ್ಕೆ ರೋಹಿಣಿ ಆ ಕಲ್ಲನ್ನು ಶಿರಸಿಯ ಒಂದು ಅಡಿಕೆ ಮಂಡಿಗೆ ಒಯ್ದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿ ಚೀಟಿ ತಂದರು. ಹತ್ತು ಕೆಜಿ, ಮೇಲೆ ಎರಡು ಗ್ರಾಂ. ಮಂಡಿಯವರು ಇದೆಂತ ಕೇಸು ಎಂದು ಕೇಳಿದ್ದಕ್ಕೆ ಕೆರಿಯಪ್ಪ, "ಕಲ್ಲು ಅರ್ಧ ಕರಗಿತ್ತಂತೆ, ಹುಡುಕ್ತಾ ಇದೀವಿ," ಎಂದಿದ್ದ.

ಯಂತ್ರ ದಿನವೂ ಹತ್ತನ್ನೇ ತೋರಿಸಿತ್ತು. ವರದಿ ಬರೆದವನು ಅಳತೆಯ ಅಂಕಿಗಳೆಲ್ಲವನ್ನೂ ಒಟ್ಟಿಗೆ ಹಿಡಿದು ಎರಡರಿಂದ ಭಾಗಿಸಿದ್ದ. ಸಮುದ್ರ ಅರ್ಧವಾಯಿತು. ಜೊತೆಗೆ ಜಟ್ಟಪ್ಪನ ಕಲ್ಲೂ ಅರ್ಧವಾಯಿತು. ಸಮುದ್ರವನ್ನು ಯಾರೂ ಮತ್ತೆ ತೂಗಿ ನೋಡಲಾರರು. ಕಲ್ಲು ಮಾತ್ರ ಟ್ರಂಕಿನಲ್ಲಿ ಉಳಿದಿತ್ತು. ಎರಡರಿಂದ ಗುಣಿಸಿದಾಗ ಪೈಪಿನ ಬಾಗು ಊಹೆಗಿಂತ ಇಮ್ಮಡಿಯಾಗಿ, ಸಹಿಸುವ ಮಿತಿಯನ್ನು ಒಂಬತ್ತು ದಿನ ದಾಟಿತ್ತು.

ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ 'ತಯಾರಿಸಿದವರು' ಎಂದು ಒಂದು ಹೆಸರಿತ್ತು: ನವೀನ ಕೆ. ನಾಯ್ಕ.

ಸೆಪ್ಟೆಂಬರ್ 11ರಂದು ಮೊಬೈಲ್ ಕಂಪನಿಯ ಮಾಹಿತಿ ಬಂತು. 9ರ ಬೆಳಿಗ್ಗೆ ಹತ್ತು ಐವತ್ತೈದರಿಂದ ಹನ್ನೊಂದೂ ಇಪ್ಪತ್ತರವರೆಗೆ ನವೀನನ ಫೋನು ಇಸಳೂರಿನ ಟವರಿನಲ್ಲಿತ್ತು. ಪಾರ್ವತವ್ವ ಹತ್ತು ಫೋಟೋಗಳ ನಡುವೆ ಅವನದನ್ನು ಗುರುತಿಸಿ, "ಇಂವನ. ಪಾಪ, ಛಲೋ ಹುಡುಗರೀ," ಎಂದರು.

12ರ ಬೆಳಿಗ್ಗೆ ಏಳಕ್ಕೆ ಸಿದ್ದಾಪುರದ ಮನೆಯ ಬಾಗಿಲು ತೆರೆದವನು ನವೀನನೇ. ಪೊಲೀಸರನ್ನು ಕಂಡು ಅವನು ಆಶ್ಚರ್ಯಪಡಲಿಲ್ಲ. "ಕಾಲಿಗೆ ನೀರು ಕೊಡ್ಲಾ ಸರ್?" ಎಂದ. ಆಮೇಲೆ ಒಳಗೆ ಹೋಗಿ ಪಂಚೆಯಲ್ಲಿ ಸುತ್ತಿಟ್ಟಿದ್ದ ನೋಟ್‌ಬುಕ್ಕನ್ನು ತಾನೇ ತಂದು ಮೇಜಿನ ಮೇಲಿಟ್ಟ.

ಇನ್‌ಸ್ಪೆಕ್ಟರ್ ಜಪ್ತಿ ಪಂಚನಾಮೆಗೆ ಮೊದಲು ಅದನ್ನು ಬಿಚ್ಚಿದರು. ಇನ್ನೂರು ಪುಟ. ನೀಲಿ ಪೆನ್ನಿನಲ್ಲಿ ಅಲೆಯ ಹಿಂದೆ ಅಲೆ. ಒಂದು ಗೆರೆ ಹಡಗಿನದು, ಒಂದು ಪೈಪಿನದು. ಮೊದಲ ದಿನ ಎರಡೂ ಬೇರೆ ಬೇರೆ. ಒಂಬತ್ತನೆಯ ದಿನದಿಂದ ಪೈಪಿನ ಗೆರೆ ಹಡಗಿನ ಗೆರೆಯ ಜೊತೆ ಹೆಜ್ಜೆ ಹಾಕತೊಡಗಿ, ದೊಡ್ಡದಾಗಿ, ಇನ್ನೂ ದೊಡ್ಡದಾಗಿ, ಪುಟದ ಅಂಚು ಸಾಲದೆ ಪಕ್ಕದಲ್ಲಿ ಅಂಟಿಸಿದ ಹಾಳೆಗೆ ಹರಿದಿತ್ತು. ಅರಬೈಲಿನ ಮರ ಕಾಗದದ ಮೇಲೆ ತೂಗುತ್ತಿತ್ತು. ಕೆರಿಯಪ್ಪ ಕೂಡ ಬಗ್ಗಿ ನೋಡಿ ಹಿಂದೆ ಸರಿದ.

ಅದೇ ಪುಟಗಳ ಮೇಲೆ ಕೆಂಪು ಪೆನ್ನಿನಲ್ಲಿ ಇನ್ನೊಂದು ತೆಳು ಗೆರೆ ಹೊಸದಾಗಿ ಎಳೆದಿತ್ತು. ಅದು ಊಹೆಯ ಗೆರೆ, ನವೀನನ ಕೈಯದು. ಹದಿನೇಳು ದಿನವೂ ಅದು ಪೈಪಿನ ಗೆರೆಯ ಅರ್ಧ ಎತ್ತರದಲ್ಲೇ ಸಾಗಿತ್ತು.

"ಯಾಕ ಸುಡಲಿಲ್ಲ?"

"ಸುಡೂಕೆ ಅಂತಲೇ ತಂದೆ ಸರ್. ಸಮುದ್ರವನ್ನ ಇಷ್ಟು ಚೆಂದ ಮಾಡಿ ಬರ್ದದ್ದು ನಾ ಎಲ್ಲೂ ನೋಡಿರ್ಲಿಲ್ಲ. ಆಗ್ಲಿಲ್ಲ."

ಬಂಧನ ಏಳೂ ಐವತ್ತಕ್ಕೆ. ಅವನ ತಾಯಿಗೆ ಲಿಖಿತವಾಗಿ ತಿಳಿಸಲಾಯಿತು.

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅರ್ಧ ಮಾಡು ಅಂತ ಯಾರ್ ಹೇಳಿದ್ರು?"

"ಹಾಂಗೆ ಯಾರೂ ಹೇಳೂದಿಲ್ಲ ಸರ್. ಅಳತೆ ಊಹೆಗೆ ಹೊಂದ್ತಾ ಇಲ್ಲ, ಹೊಂದ್ಸಿ ಕಳ್ಸು ಅಂತ ಮ್ಯಾನೇಜರ್ರು ಅಂದ್ರು."

"ನೀ ಹೊಂದಿಸಿದಿ."

"ಆ ಊಹೆಯ ಲೆಕ್ಕ ನಂದು. ಮೂರು ವರ್ಷ ಕೂತು ಮಾಡಿದ್ದು. ಹನ್ನೆರಡು ಸೆಕೆಂಡಿಗಿಂತ ನಿಧಾನದ ಅಲೆ ಅಲ್ಲಿ ಬರೂದಿಲ್ಲ ಅಂತ ಹಳೇ ಪಟ್ಟಿಯಲ್ಲಿತ್ತು, ಹಾಂಗಾಗಿ ನಾ ಅಲ್ಲಿಗೆ ನಿಲ್ಸಿದ್ದೆ. ಹದಿನೆಂಟರ ಅಲೆ ಬಂತು. ಉದಯ ಹಡಗಿನಿಂದ ಕಳ್ಸಿದ ಅಂಕಿ ನೋಡಿ ನಂಗೆ ಅನ್ಸಿದ್ದು..."

"ಏನ್ ಅನಸ್ತು?"

"ಸಮುದ್ರವೇ ತಪ್ಪು ಮಾಡ್ತಾ ಅದೆ ಅನ್ಸಿತು ಸರ್. ಯಂತ್ರ ಕೆಟ್ಟದೆ ಅಂದ್ಕೊಂಡು ಎರಡರಿಂದ ಭಾಗಿಸ್ದೆ. ಕರೆಕ್ಟ್ ಹೊಂದಿತು. ಖುಷಿಯಾಯ್ತು. ಕಲ್ಲಿನ ಸಾಲು ನಾ ನೋಡ್ಲೇ ಇಲ್ಲ. ಮರುದಿನ ಅವ ಸತ್ತ ಸುದ್ದಿ ಬಂತು. ಅವನ ಮಾತು ಖರೆ ಆಗಿತ್ತು ಅಂತ ಆಗ ಗೊತ್ತಾಯ್ತು. ಆದ್ರೂ ಅದೇ ಕೋಷ್ಟಕ ವರದಿಗೆ ಹೋಯ್ತು. ನಾ ತಡೀಲಿಲ್ಲ."

ರೋಹಿಣಿ ಬರೆಯುವುದನ್ನು ನಿಲ್ಲಿಸಲಿಲ್ಲ. ಹಣ ಕೈ ಬದಲಾಗಿರಲಿಲ್ಲ. ದ್ವೇಷ ಇರಲಿಲ್ಲ. ಗೆಳೆಯನ ಮನೆಗೆ ಕದಿಯಲು ಹೋದಾಗಲೂ ಅವನು ಕಾಲು ತೊಳೆದೇ ಒಳಗೆ ಹೋಗಿದ್ದ. ತನ್ನ ಗೆರೆಯೇ ಸರಿ ಎಂದು ನಂಬಿದ್ದ, ಅಷ್ಟೇ. ಹೊಂದಿಸಿ ಕಳಿಸು ಎಂದವರು ಅಷ್ಟನ್ನೂ ನಂಬಿರಲಿಲ್ಲ. ಅವರ ಮೇಲಿನ ಪ್ರತ್ಯೇಕ ದೂರನ್ನು ತನುಜಾಳಿಂದ ಬರೆಸಿಕೊಂಡು ಸಮುದ್ರದಲ್ಲಾದ ಸಾವಿನ ತನಿಖೆ ನಡೆಸುತ್ತಿದ್ದ ಠಾಣೆಗೆ ಕಳಿಸಲು ಇನ್‌ಸ್ಪೆಕ್ಟರ್ ಟಿಪ್ಪಣಿ ಹಾಕಿದರು.

ನ್ಯಾಯಾಲಯಕ್ಕೆ ಹಾಜರುಪಡಿಸುವ ಮೊದಲು, ಮಧ್ಯಾಹ್ನ ಹನ್ನೆರಡೂಕಾಲಿಗೆ, ಕಂಪನಿ ನೇಮಿಸಿದ ವಕೀಲರು ಹುಬ್ಬಳ್ಳಿಯಿಂದ ಬಂದರು. ಆರೋಪಿಯ ಭೇಟಿಗೆ ಅವಕಾಶ ಕೊಡಲಾಯಿತು. ನೋಟ್‌ಬುಕ್ಕನ್ನು ಗುರುತಿಸಲು ಬಂದಿದ್ದ ತನುಜಾ ಮತ್ತು ಜಟ್ಟಪ್ಪ ಗೋಡೆಯ ಬೆಂಚಿನಲ್ಲಿ ಕೂತಿದ್ದರು. ಮೇಜಿನ ಮೇಲೆ ನೋಟ್‌ಬುಕ್ಕು, ಪಕ್ಕದಲ್ಲಿ ಚೀಟಿ ಕಟ್ಟಿದ ಕಲ್ಲು.

ವಕೀಲರು ಟೈಪು ಮಾಡಿದ ಒಂದು ಹಾಳೆಯನ್ನು ನವೀನನ ಮುಂದೆ ಸರಿಸಿದರು. ಪೆನ್ನಿನ ಟೊಪ್ಪಿ ತೆಗೆದು ಕೊಟ್ಟರು.

"ಯಂತ್ರ ಕೆಟ್ಟಿತ್ತು, ಮೃತರ ಅಳತೆ ನಂಬಲರ್ಹ ಅಲ್ಲ, ಅದಕ್ಕೇ ತಿದ್ದಿದೆ. ಇಷ್ಟ ಐತಿ ಇದ್ರಾಗ. ಸಹಿ ಹಾಕಪಾ. ಸಂಜಿಕ್ಕ ಜಾಮೀನು, ಸೋಮವಾರ ಆಫೀಸು."

ನವೀನ ಹಾಳೆಯನ್ನು ಪೂರ್ತಿ ಓದಿದ. ಆಮೇಲೆ ತಲೆ ಎತ್ತಿ ಇನ್‌ಸ್ಪೆಕ್ಟರರನ್ನು ಕೇಳಿದ, "ಸರ್, ಇದನ್ನ ಮುಟ್ಬಹುದಾ?"

"ಎದುರಿಗೇ ಅದೀವಲ್ಲ. ಮುಟ್ಟು."

ಅವನು ಕಲ್ಲನ್ನು ಒಂದೇ ಕೈಯಲ್ಲಿ ಎತ್ತಲು ನೋಡಿದ, ಮಣಿಕಟ್ಟು ವಾಲಿತು. ಎರಡೂ ಕೈ ಕೊಟ್ಟು ಎತ್ತಿ ಎದೆಯ ಮಟ್ಟಕ್ಕೆ ಹಿಡಿದು ನಿಂತ. ಬೆಂಚಿನಲ್ಲಿದ್ದ ಮುದುಕ ಅವನ ತೋಳುಗಳನ್ನೇ ನೋಡುತ್ತಿದ್ದರು.

"ಸಹಿ," ಎಂದರು ವಕೀಲರು.

ನವೀನ ಕಲ್ಲನ್ನು ಆ ಹಾಳೆಯ ಮೇಲೆ ಇಳಿಸಿದ. ಮೇಜು ಸಣ್ಣಗೆ ಅದುರಿತು.

"ಹತ್ತು ಅದೆ ಸರ್," ಎಂದ. "ಐದು ಅಂತ ಇನ್ನೊಂದು ಸಲ ನಾ ಬರೆಯೂದಿಲ್ಲ."